ಗೊಂಗಡಶೆಟ್ಟಿಯ ಮಡ್‌ಗಾರ್ಡ್ ಕಾಳಗ

ಎಲೈ ವಾಗ್ದೇವಿಯೇ, ರಾಜಾಧಿರಾಜರ ಕಥೆ ಸಾಕು, ಒಂದು ಗಳಿಗೆ ಬೆಟಗೇರಿಗೆ ಇಳಿದು ಬಾ. ಜಲ್ಲಿಕಲ್ಲುಗಳು ಮದೋನ್ಮತ್ತವಾಗಿ ಮೆರೆದ ಯುಗದಲ್ಲಿ, ಪರಬುದ್ಧಿತಿರಸ್ಕಾರಧುರಂಧರನೂ ಸ್ವಬುದ್ಧಿಸಂತುಷ್ಟನೂ ಆದ ವಿರೂಪಣ್ಣ ಗೊಂಗಡಶೆಟ್ಟಿಯೆಂಬ ವೀರನು ತನ್ನ ಹಳೆಯ ಕಾರಿನಡಿ ಮೂರು ದಿನ ಅಂಗಾತ ಮಲಗಿದ ಪರಾಕ್ರಮವನ್ನು ಹಾಡಲು ನನಗೆ ಬಾಯಿ ಕೊಡು. ನಗು ತಡೆಯುವ ಶಕ್ತಿಯನ್ನೂ ಕೊಟ್ಟರೆ ಉಪಕಾರವಾದೀತು.

ಆ ಕಾರಿನ ತಗಡಿನ ಮಡ್‌ಗಾರ್ಡುಗಳು ತುಕ್ಕು ತಿಂದು ಉದುರಿದ ಮೇಲೆ ವಿರೂಪಣ್ಣನು ಫೈಬರಿನವನ್ನು ಹಾಕಿಸಿದ್ದನು. ತುಕ್ಕು ತೊಲಗಿತು, ಹೊಸ ವೈರಿ ಹುಟ್ಟಿತು. ಗಾಲಿಯಿಂದ ಚಿಮ್ಮಿದ ಕಲ್ಲು ಕೆಳಗಿನಿಂದ ಬಡಿದರೆ ಮೇಲಿನ ಕೆಂಪು ಬಣ್ಣ ಜೇಡರಬಲೆಯಂತೆ ಬಿರುಕು ಬಿಡುತ್ತಿತ್ತು. ಈಗಲೋ ಮಗಳು ಸುವರ್ಣಾಳ ಮದುವೆ. ಮದುಮಗನನ್ನು ಬಸವಣ್ಣನ ಗುಡಿಯಿಂದ ಕಲ್ಯಾಣಮಂಟಪಕ್ಕೆ ಇದೇ ಕಾರಿನಲ್ಲಿ ಮೆರೆಸಿ ತರುವೆನೆಂದು ಇಳಕಲ್ಲಿನ ಬೀಗರ ಮುಂದೆ ಅವನು ಜಂಬ ಕೊಚ್ಚಿಕೊಂಡಿದ್ದನು. ಆ ದಿನ ಬಣ್ಣದಲ್ಲೊಂದು ಬಿರುಕು ಕಂಡರೂ ಮಾನ ಹೋಯಿತೆಂದೇ ಅವನ ಭಯ.

ಗಾಲಿ ಕಳಚಿದನು, ಕೆಸರು ಕೆರೆದನು. ಮಡ್‌ಗಾರ್ಡಿನ ಒಳಮೈಗೆ ಡಾಂಬರು ಬಳಿದು, ಅದರ ಮೇಲೆ ಲಾರಿಯ ಟ್ಯೂಬು ಅಂಟಿಸಿ, ಅದರ ಮೇಲೆ ಟೈರಿನ ದಪ್ಪ ತುಂಡುಗಳನ್ನು ಜಡಿದು, ಮತ್ತೆ ಡಾಂಬರಿಗೆ ಕೈ ಹಾಕಿದನು. ಆಗ ಹೆಂಡತಿ ಕಮಲವ್ವ ಬಂದು ನಿಂತಳು.

“ಅಡಗಿಯವ್ರು ಯಾದಿ ಕೇಳಾಕ್ಹತ್ತ್ಯಾರ. ಒಂದ್ ಪದರ ಹಚ್ಚಿದ್ರ ಸಾಲಂಗಿಲ್ಲೇನ್ರೀ?”

ವೀರನು ಗರ್ಜಿಸಿದನು: “ಎಲೌ ಭೀರುವೇ, ಸಪ್ತಕುಲಪರ್ವತಗಳೇ ನುಚ್ಚುನೂರಾಗಿ ಗಾಲಿಯಡಿಯಿಂದ ಎರಗಿದರೂ ಮತ್ಪಾಲಿತವಾದ ಈ ಮಡ್‌ಗಾರ್ಡು ಕಂಪಿಸದು. ಕಂಪಿಸಿದರೆ ನಾನು ಗೊಂಗಡಶೆಟ್ಟಿಯ ವಂಶದವನೇ ಅಲ್ಲ!”

ಇದು ಕಾವ್ಯಕ್ಕಾಗಿ ನಾನು ತಿದ್ದಿದ ಪಾಠ. ಅವನು ನಿಜವಾಗಿ ಅಂದದ್ದು, “ನಿನಗೇನ್ ತಿಳೀತೈತಿ? ಹೋಗ್, ಅಡಗಿ ನೋಡು.”

ಗಾಲಿ ಜೋಡಿಸಿ, ಜಲ್ಲಿ ಸುರಿದ ಹಾದಿಯಲ್ಲಿ ಒಬ್ಬನೇ ಓಡಿಸಿ ಪರೀಕ್ಷಿಸಿದನು. ಕಲ್ಲುಗಳು ದಬದಬ ಬಡಿದವು, ಬಣ್ಣ ಅಲುಗಲಿಲ್ಲ. ಖಾಲಿ ಕಾರಿನಲ್ಲಿ ಗೆದ್ದ ಸಂತೋಷಕ್ಕೆ ಅವನು ಆ ದಿನ ಎರಡು ಸಲ ಚಹಾ ಕುಡಿದನು.

ಮದುವೆಯ ಮುಂಜಾನೆ ಗುಡಿಯ ಮುಂದೆ ಕರಡಿಮಜಲು ಮೊಳಗಿತು. ಬಾಸಿಂಗ ಕಟ್ಟಿದ ಮದುಮಗ ಹಿಂದೆ ಕುಳಿತ, ಅವನ ಎರಡೂ ಪಕ್ಕ ಒಬ್ಬೊಬ್ಬ ಸ್ಥೂಲಕಾಯದ ಸೋದರತ್ತೆ, ಮುಂದೆ ಕಾರು ನಡೆಸುವ ವಿರೂಪಣ್ಣನ ಪಕ್ಕ ಬೀಗರು. ಹಳೆಯ ಸ್ಪ್ರಿಂಗು ಕುಸಿಯಿತು. ಕಾರು ಒಂದು ಮೊಳ ಸಾಗಿ, ಹಲ್ಲು ಕಡಿದು, ಹೊಗೆಯುಗುಳಿ ನಿಂತಿತು. ನಾಲ್ಕು ಪದರಗಳ ಆ ಅಭೇದ್ಯ ಕವಚವು ಗಾಲಿಯನ್ನೇ ಕಚ್ಚಿ ಹಿಡಿದಿತ್ತು.

“ಏನೋ ಸುಟ್ಟ ವಾಸನಿ ಬರಾಕ್ಹತ್ತೈತಲ್ರೀ ಬೀಗರ,” ಎಂದರು ಬೀಗರು.

ವಿರೂಪಣ್ಣನ ಹೊರತು ಎಲ್ಲರೂ ಇಳಿದರು. ಭಾರ ಇಳಿದದ್ದೇ ತಡ, ಗಾಲಿ ಸಲೀಸಾಗಿ ತಿರುಗಿತು. ವಿರೂಪಣ್ಣನಿಗೆ ತನ್ನ ತಪ್ಪು ಗೊತ್ತಾಯಿತು, ನಾಚಿಕೆಯೂ ಆಯಿತು. ಆದರೂ ಸ್ಟಿಯರಿಂಗ್ ಬಿಟ್ಟು ಇಳಿಯಲಿಲ್ಲ.

“ಇರಲಿ ಬಿಡ್ರಿ ಮಾವಾರ, ನಡಕೊಂತ ಬರ್ತೀನಿ. ಮಂಟಪ ಎಷ್ಟ್ ದೂರ?” ಎಂದ ಮದುಮಗ.

ಕಮಲವ್ವ ಕೈ ಚಾಚಿ ತೋರಿಸಿದಳು. “ಅದ ನೋಡಪ್ಪಾ, ಕಾಣತೈತಲ್ಲ.”

ಹಾಗೆ ಮೆರವಣಿಗೆ ಹೊರಟಿತು. ಮುಂದೆ ಹೂಮಾಲೆ ತೊಟ್ಟ ಕಾರಿನಲ್ಲಿ ವಿರೂಪಣ್ಣ ಒಬ್ಬನೇ, ಹಿಂದೆ ಬಿಸಿಲಿನಲ್ಲಿ ನಡೆಯುತ್ತ ಮದುಮಗ. ಗುಡಿಯಿಂದ ಮಂಟಪಕ್ಕೆ ಇನ್ನೂರು ಹೆಜ್ಜೆ. ಕಾಂಕ್ರೀಟ್ ರಸ್ತೆ, ಮದುವೆಗೆಂದು ಗುಡಿಸಿ ನೀರು ಹೊಡೆದಿದ್ದರು. ಅದರ ಮೇಲೆ ಒಂದು ಕಲ್ಲೂ ಇರಲಿಲ್ಲ.