ಹುಲ್ಲಪ್ಪ ಪೈಲ್ವಾನನ ಬಿಗಿಮುಷ್ಟಿ

ಇಳಕಲ್ಲಿನ ಹುಲ್ಲಪ್ಪ ಪೈಲ್ವಾನನ ಶನಿವಾರ ಕೆಟ್ಟದ್ದು ಒಂದು ಗಂಟು ಕೆಮ್ಮಣ್ಣಿನಿಂದ. ಆ ಮಣ್ಣನ್ನು ಅವನಿನ್ನೂ ಕಣ್ಣಿಂದ ನೋಡಿರಲೂ ಇಲ್ಲ. ಮುಂಜಾನೆ ಜೋಳದ ರೊಟ್ಟಿಯ ಮುಂದೆ ಕೂತು ಮೊದಲ ತುತ್ತು ಮುರಿಯುತ್ತಿದ್ದ, ಅಷ್ಟರಲ್ಲಿ ಗೆಳೆಯ ಬಾಬುಸಾಬ ಏದುಸಿರು ಬಿಡುತ್ತ ಒಳಗೆ ಬಂದ.

"ಹುಲ್ಲ್ಯಾ, ಕೆರೂರಿಂದ ಒಬ್ಬಾವ ಬಂದಾನಲೇ. ತೋಳು ನೋಡಿದ್ರ ಒನಕಿ ಇದ್ದಾಂಗ ಅದಾವು. ನಿನ್ನ ಮನಿ ಎಲ್ಲೈತಿ ಅಂತ ಕೇಳಾಕತ್ತಾನ."

"ಕೇಳಲಿ ಬಿಡು. ನನ್ನ ಮನಿ ಕೇಳಿಕೋತ ಬರೋರು ಕಡಿಮಿ ಅದಾರೇನು?"

"ಅರಿವ್ಯಾಗ ಕೆಮ್ಮಣ್ಣು ಕಟಗೊಂಡು ಬಂದಾನ. ಯಾಕಪಾ ಅಂತ ಕೇಳಿದ್ರ, ಹುಲ್ಲಪ್ಪ ಪೈಲ್ವಾನರ ಅಂಗೈ ಸಲುವಾಗಿ ಅಂದ. ಅಷ್ಟ ಕೇಳಿ ನಾ ಓಡಿ ಬಂದೆ."

ಹುಲ್ಲಪ್ಪನ ಕೈಯಿಂದ ತುತ್ತು ಜಾರಿ ಪಲ್ಯದ ಮೇಲೆ ಬಿತ್ತು.

ಆ ಸೀಮೆಯ ಗರಡಿಗಳಲ್ಲಿ ಕುಸ್ತಿಗೆ ಕರೆಯಲು ಮಾತು ಬೇಕಿರಲಿಲ್ಲ. ಕಣದ ಮಣ್ಣನ್ನು ಒಯ್ದು ಪೈಲ್ವಾನನ ಅಂಗೈಯಲ್ಲಿಟ್ಟರೆ ಮುಗಿಯಿತು, ಅವನು ಕುಸ್ತಿ ಹಿಡಿಯಲೇಬೇಕು. ಒಲ್ಲೆನೆಂದು ಮಣ್ಣು ಕೊಡವಿದರೆ ಸೋತಂತೆಯೇ ಲೆಕ್ಕ. ಹುಲ್ಲಪ್ಪನ ಬೆನ್ನಿಗೆ ಈವರೆಗೆ ಯಾರೂ ಮಣ್ಣು ಹಚ್ಚಿರಲಿಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆ, ಎಲ್ಲ ಕಡೆ ಗೆದ್ದು ಬಂದವನು. ಆದರೆ ಅದೆಲ್ಲ ಪ್ಲೇಗಿಗೆ ಮುಂಚಿನ ಮಾತು. ಪ್ಲೇಗು ಬಂದು ಜನ ಊರು ಬಿಟ್ಟು ಹೊಲದ ಗುಡಿಸಲು ಸೇರಿದಾಗ ಕುಸ್ತಿಗಳು ನಿಂತವು. ಪ್ಲೇಗು ಹೋಯಿತು, ಜನ ತಿರುಗಿ ಬಂದರು, ಕುಸ್ತಿಗಳೂ ಸುರುವಾದವು, ಹುಲ್ಲಪ್ಪ ಮಾತ್ರ ಕಣಕ್ಕೆ ಇಳಿಯಲಿಲ್ಲ. ಅಷ್ಟರಲ್ಲಿ ಅವನ ಹೊಟ್ಟೆ ಮುಂದೆ ಬಂದಿತ್ತು, ಮೊಣಕಾಲು ಹಳೆಯ ಚಕ್ಕಡಿಯ ಹಾಗೆ ಕಿರುಗುಟ್ಟುತ್ತಿತ್ತು.

ಹಾಗಂತ ಲಂಗೋಟಿಯನ್ನೂ ಬಿಟ್ಟಿರಲಿಲ್ಲ. ಲಂಗೋಟಿಯನ್ನು ಗರಡಿಯ ಗೂಟಕ್ಕೆ ಹಾಕಿ ಕುಸ್ತಿ ಬಿಟ್ಟವನಿಗೆ ಮಣ್ಣಿನ ಕರೆ ತಾಗುತ್ತಿರಲಿಲ್ಲ. ಬರುವ ಶನಿವಾರ ಬಿಟ್ಟರಾಯಿತು ಎನ್ನುತ್ತ ಎಷ್ಟೋ ಶನಿವಾರಗಳನ್ನು ದಾಟಿಸಿದ್ದ. ಲಂಗೋಟಿ ಬಿಟ್ಟ ಮರುದಿನ ಮದುವೆ ಮನೆಗಳಲ್ಲಿ ಕೇಸರಿ ಹಾಲಿನ ಚರಿಗೆ ತನ್ನ ಮುಂದೆ ಬರುವುದು ನಿಲ್ಲುತ್ತದೆ ಎಂಬ ಅಂಜಿಕೆ ಅವನದು.

"ಇವತ್ತ ಬಿಡ್ತೇನಿ," ಎಂದ ಹುಲ್ಲಪ್ಪ ಗಟ್ಟಿಯಾಗಿ. "ಸೋಲದ ಬಿಟ್ಟಾವನ ಲಂಗೋಟಿ ಹಣಮಪ್ಪನ ಪಟದ ಬಾಜೂಕ ತೂಗತೈತಿ. ಹುಡುಗರು ಸಲಾಮಿ ಹೊಡಿಯುವಾಗ ಮೊದಲ ನನ್ನ ಹೆಸರು ತಗೋಬೇಕು. ನಾ ಸತ್ತ ಮ್ಯಾಲೂ ತಗೋಬೇಕು. ನೀನೂ ಬಿಟ್ಟುಬಿಡಲೇ ಬಾಬೂ. ಬಂದಬಂದಾವರ ಕೈಲೆ ಬಿದ್ದು ಬಿದ್ದು ಬೆನ್ನು ಸವದೈತಿ."

ಬಾಬುಸಾಬ ಆ ಊರಿನ ಹಿರಿಯ ಸೋಲುಗಾರ. ಹುಲ್ಲಪ್ಪನ ಕೈಯಲ್ಲೇ ಹಲವು ಸಲ ಬಿದ್ದಿದ್ದ, ಈಗ ಹುಲ್ಲಪ್ಪನ ಶಿಷ್ಯರ ಕೈಯಲ್ಲೂ ಬೀಳುತ್ತಿದ್ದ.

"ನಾ ಬಿಟ್ರ ಗೆಲ್ಲೋರು ಯಾರನ್ನ ಗೆಲ್ಲಬೇಕಪಾ?" ಎಂದು ಅವನು ನಕ್ಕ. "ಅದಿರಲಿ, ಗರಡಿ ಕೀಲಿ ಉಸ್ತಾದರ ಕಡೆ ಐತಿ. ಅವರು ಹುನಗುಂದಕ್ಕ ಹೋಗ್ಯಾರ, ದೀಪ ಹಚ್ಚೂ ಹೊತ್ತಿಗೆ ಬರ್ತಾರ. ಅಲ್ಲೀತನಕ ಏನ ಮಾಡ್ತಿ?"

ಹುಲ್ಲಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಎರಡನ್ನೂ ಗಟ್ಟಿಯಾಗಿ ಮುಷ್ಟಿ ಮಾಡಿದ.

"ಅಂಗೈ ಕಂಡರಲ್ಲ ಮಣ್ಣು ಇಡಾಂವ," ಎಂದ.

ಉಪಾಯವೇನೋ ಭರ್ಜರಿಯಾಗಿತ್ತು, ಆದರೆ ರೊಟ್ಟಿ ಇನ್ನೂ ತಾಟಿನಲ್ಲೇ ಇತ್ತು. ಹೆಂಡತಿ ಗುರುಲಿಂಗವ್ವ ಬಂದು ನೋಡಿದರೆ ಗಂಡ ಎರಡು ಮುಷ್ಟಿಗಳ ನಡುವೆ ರೊಟ್ಟಿ ಸಿಕ್ಕಿಸಿಕೊಂಡು ಹೆಣಗುತ್ತಿದ್ದ.

"ಇದೇನ್ರಿ ಇದು? ಕೈಗೆ ಏನಾಗೇತಿ?"

"ಏನೂ ಆಗಿಲ್ಲ. ತುತ್ತು ಮಾಡಿ ಬಾಯಾಗ ಹಾಕು."

"ಲಗ್ನ ಆದಾಗ ಸುದ್ದಾ ಹಾಕಿಲ್ಲ, ಈಗ ಹಾಕ್ಲೇನ್ರಿ," ಎನ್ನುತ್ತಲೇ ಗುರುಲಿಂಗವ್ವ ತುತ್ತು ಹಾಕತೊಡಗಿದಳು. ಗೋಡೆಯಾಚೆಯ ಇಂದ್ರಾಬಾಯಿ ಸೊಪ್ಪು ಕೇಳಲು ಇಣುಕಿದವಳು ಇದನ್ನು ಕಂಡಳು. ಸೊಪ್ಪಿನ ವಿಚಾರ ಮರೆತೇ ಹೋಯಿತು. ಹುಲ್ಲಪ್ಪ ಪೈಲ್ವಾನನಿಗೆ ಲಕ್ವಾ ಹೊಡೆದು ಎರಡೂ ಕೈ ಮುರುಟಿವೆ ಎಂಬ ಸುದ್ದಿ ಓಣಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ರೊಟ್ಟಿ ಮುಗಿಯುವ ಹೊತ್ತಿಗೆ ಮುಂಬಾಗಿಲಲ್ಲಿ ದೊಡ್ಡ ದನಿಯೊಂದು ಕೇಳಿತು. "ಪೈಲ್ವಾನರು ಅದಾರೇನ್ರಿ? ನಾ ಕೆರೂರ ಅಂದಾನಪ್ಪ ಅಂತ."

ಹುಲ್ಲಪ್ಪ ಹಿತ್ತಿಲ ಬಾಗಿಲಿನಿಂದ ಹೊರಬಿದ್ದ. ಮುಷ್ಟಿ ಬಿಚ್ಚದೆ ಅಗುಳಿ ತೆಗೆಯಲು ಬರುವುದಿಲ್ಲ. ಹಾಗಾಗಿ ಭುಜದಿಂದ ದೂಡಿದ, ಬಾಗಿಲು ಕೀಲು ಸಮೇತ ಕಿತ್ತು ಬಂತು. ಇದೇ ಶಕ್ತಿಯನ್ನು ಕಣದಲ್ಲಿ ತೋರಿಸಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಬಾಗಿಲು ತಿರುಗಿ ಹಿಡಿಯುವುದಿಲ್ಲ ಎಂಬುದು ಹುಲ್ಲಪ್ಪನಿಗೆ ಗೊತ್ತಿತ್ತು.

ಮೂಲೆ ತಿರುಗಿದಲ್ಲೇ ಕೂಡಲಸಂಗಮದಿಂದ ಆಗಷ್ಟೇ ಮರಳಿದ ಅಯ್ಯನವರು ಎದುರಾದರು. "ಬಾರಪಾ ಹುಲ್ಲಪ್ಪ, ಪ್ರಸಾದ ತಗೋ," ಎಂದು ಕಲ್ಲುಸಕ್ಕರೆ ಮುಂದೆ ಹಿಡಿದರು. ಹುಲ್ಲಪ್ಪ ಭಕ್ತಿಯಿಂದ ಬಗ್ಗಿ, ಮುಷ್ಟಿಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಾಯಿ ತೆರೆದ.

ಅಯ್ಯನವರ ಮುಖ ಬಿಗಿಯಿತು. ಹಿಂದೆಯೇ ಓಡಿಬಂದ ಬಾಬುಸಾಬ ನಡುವೆ ಬಾಯಿ ಹಾಕಿದ. "ಸಿಟ್ಟಾಗಬ್ಯಾಡ್ರಿ ಅಯ್ಯನವರ. ಅಂವ ಹರಕಿ ಹೊತ್ತಾನ. ದೀಪ ಹಚ್ಚೂತನಕ ಮುಷ್ಟಿ ಬಿಚ್ಚೂದುಲ್ಲ."

ಗೆಳೆಯನನ್ನು ಉಳಿಸಬೇಕೆಂದೇ ಅವನು ಸುಳ್ಳು ಹೇಳಿದ್ದು. ಆದರೆ ಸುತ್ತ ನಿಂತ ಹೆಂಗಸರು ಅದನ್ನು ಕೇಳಿಸಿಕೊಂಡರು. ಕಂಡುಕೇಳರಿಯದ ಹರಕೆ, ಅದೂ ಅಷ್ಟು ದೊಡ್ಡ ಮನುಷ್ಯ ಹೊತ್ತದ್ದು. ಒಬ್ಬಳು ಬಂದು ಹುಲ್ಲಪ್ಪನ ಮುಷ್ಟಿಗೆ ಹಣೆ ಹಚ್ಚಿದಳು. ಇನ್ನೊಬ್ಬಳು ಅರಿಷಿಣ ತಂದಳು. ಮತ್ತೊಬ್ಬಳು ಅಳುವ ಕೂಸನ್ನು ತಂದು, ಮುಷ್ಟಿಯಿಂದ ಅದರ ನೆತ್ತಿ ಮುಟ್ಟಿರಿ ಎಂದಳು. ಆ ಮುಷ್ಟಿ ನೋಡಿ ಕೂಸು ಹೆದರಿ ಸುಮ್ಮನಾಯಿತು, ಹರಕೆಯ ಖ್ಯಾತಿ ಇನ್ನಷ್ಟು ಏರಿತು.

ಅಷ್ಟರಲ್ಲಿ ಲಕ್ವಾದ ಸುದ್ದಿ ಕೇಳಿದ ಹಕೀಮ ಜಲಾಲುದ್ದೀನ ಕಾಸಿದ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬಂದ. ಅವನ ಜೊತೆ ಗಟ್ಟಿಮುಟ್ಟಾದ ನೇಕಾರರೂ ಇದ್ದರು.

"ಹರಕೀನೂ ಇಲ್ಲ ಗಿರಕೀನೂ ಇಲ್ಲ," ಎಂದ ಹಕೀಮ. "ಇದು ವಾಯು. ಬಿಸಿ ಎಣ್ಣಿ ಹಚ್ಚಿ ಒಂದೊಂದ ಬಟ್ಟು ಬಿಚ್ಚಿದ್ರ ಜಡ್ಡು ಹೋಗತೈತಿ. ಹಿಡೀರಿ ಅವನ್ನ."

ಹಿಡಿದರು. ಒಬ್ಬ ಕಾಲು, ಒಬ್ಬ ಸೊಂಟ, ಇಬ್ಬರು ಒಂದೊಂದು ತೋಳು. ಹಕೀಮ ಎಣ್ಣೆ ಸುರಿದು ಹೆಬ್ಬೆರಳಿಗೆ ಕೈ ಹಾಕಿದ. ಪ್ಲೇಗಿನ ನಂತರ ಹುಲ್ಲಪ್ಪ ಆಡಿದ ಮೊದಲ ಕುಸ್ತಿ ಇದು, ಮತ್ತು ಅವನ ಆಯುಷ್ಯದಲ್ಲೇ ದೊಡ್ಡದು. ಮುಖ ಕೆಂಪೇರಿತು, ಕುತ್ತಿಗೆಯ ನರ ಉಬ್ಬಿದವು, ಆದರೆ ಒಂದು ಬೆರಳೂ ಅಲುಗಲಿಲ್ಲ. ಹಕೀಮನೇ ದಣಿದು ಕಟ್ಟೆಯ ಮೇಲೆ ಕೂತ. ನೋಡುತ್ತಿದ್ದವರು ಭಲೆ ಎಂದರು. ನಿಜ ಹೇಳಬೇಕೆಂದರೆ ಹುಲ್ಲಪ್ಪನಿಗೂ ಖುಷಿಯಾಯಿತು. ತನ್ನಲ್ಲಿ ಇನ್ನೂ ಕಸುವಿದೆ ಎಂದು ಎದೆ ಉಬ್ಬಿಸಿ ತಲೆ ಎತ್ತಿದ. ಓಣಿಯ ಕೊನೆಯಲ್ಲಿ ಅಂದಾನಪ್ಪ ಗಂಟು ಹಿಡಿದು ಇವನ ಕಡೆಗೇ ಬರುತ್ತಿದ್ದ.

ಎಣ್ಣೆ ಹತ್ತಿದ ಮೈ, ಹಿಡಿದವರ ಕೈಯಿಂದ ಸಲೀಸಾಗಿ ಜಾರಿತು. ಹುಲ್ಲಪ್ಪ ಎದುರಿಗಿದ್ದ ಖಾಸಿಂಸಾಬನ ಮನೆಗೆ ನುಗ್ಗಿದ. ಖಾಸಿಂಸಾಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಹುಲ್ಲಪ್ಪ ಹೇಳದೆ ಕೇಳದೆ ಆ ಕುಣಿಯೊಳಗೇ ಇಳಿದು ಕೂತ.

"ಪೈಲ್ವಾನರ, ಅಲ್ಲಿ ನನ್ನ ಕಾಲಿಗೇ ಜಾಗ ಸಾಲೂದುಲ್ರಿ," ಎಂದ ಖಾಸಿಂಸಾಬ.

"ನೀ ನೇಯಪಾ. ನಾ ಇಲ್ಲ ಅಂತ ತಿಳಕೋ."

ಅಷ್ಟು ದೊಡ್ಡ ಹೊಟ್ಟೆಯನ್ನು ಇಲ್ಲ ಎಂದು ತಿಳಿಯುವುದು ಸುಲಭವಲ್ಲ. ಆದರೂ ಸೀರೆಗೆ ವಾಯಿದೆಯಿತ್ತು, ಖಾಸಿಂಸಾಬ ನೇಯ್ದ. ಮಗ್ಗ ತುಳಿಯುವ ಹಲಗೆ ಒಮ್ಮೆ ಕಾಲಿಗೆ ಸಿಕ್ಕರೆ ಇನ್ನೊಮ್ಮೆ ಹುಲ್ಲಪ್ಪನ ಹೊಟ್ಟೆ ಸಿಗುತ್ತಿತ್ತು. ಹೊತ್ತು ಇಳಿಯುವವರೆಗೆ ಪೈಲ್ವಾನ ಹಲ್ಲು ಕಚ್ಚಿ ಸಹಿಸಿದ. ಬೆನ್ನಿಗೆ ಮಣ್ಣು ಹತ್ತದ ಮನುಷ್ಯ ಎಂದು ನಾಳೆ ಊರು ನೆನೆಯುವಾಗ ಈ ಕುಣಿಯ ಸುದ್ದಿ ಯಾರೂ ಎತ್ತಲಾರರು ಎಂಬ ಭರವಸೆ ಅವನಿಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವನು ಗರಡಿ ಮುಟ್ಟಿದ. ಉಸ್ತಾದ ಮೀರಾಸಾಬ ಕೀಲಿ ತೆಗೆದು ಹಣಮಪ್ಪನ ಪಟದ ಮುಂದೆ ದೀಪ ಇಡುತ್ತಿದ್ದರು. ಬಾಬುಸಾಬ ಮೂಲೆಯಲ್ಲಿ ನಿಂತಿದ್ದ. ಹುಲ್ಲಪ್ಪ ಗೂಡಿನಿಂದ ತನ್ನ ಕೆಂಪು ಲಂಗೋಟಿಯನ್ನು ಹಲ್ಲಿನಿಂದ ಎಳೆದುಕೊಂಡ. ಅದನ್ನು ಪಟದ ಪಕ್ಕದ ಗೂಟಕ್ಕೆ ಪೈಲ್ವಾನ ತಾನೇ ಹಾಕಬೇಕು, ಬೇರೆಯವರು ಹಾಕಿದರೆ ನಡೆಯದು.

ಅಷ್ಟರಲ್ಲಿ ಬಾಗಿಲಲ್ಲಿ ಅಂದಾನಪ್ಪ ಬಂದು ನಿಂತ. "ಪೈಲ್ವಾನರ, ಒಂದು ಮಾತು ಕೇಳ್ರಿ."

"ಆಮ್ಯಾಲ," ಎಂದ ಹುಲ್ಲಪ್ಪ ಲಂಗೋಟಿ ಕಚ್ಚಿದ ಬಾಯಿಂದಲೇ.

"ಹುಲ್ಲಪ್ಪ, ಈ ತಮ್ಮ ಮುಂಜಾನಿಂದ ನಿನ್ನ ಹುಡುಕ್ಯಾಡಾಕತ್ತಾನಂತ. ಮೊದಲ ಅದೇನ ಕೇಳು," ಎಂದರು ಉಸ್ತಾದರು.

"ಆಮ್ಯಾಲ ಅಂದೆನಲ್ರಿ ಉಸ್ತಾದರ," ಎನ್ನುತ್ತ ಹುಲ್ಲಪ್ಪ ಲಂಗೋಟಿಯನ್ನು ಎರಡು ಮುಷ್ಟಿಗಳಿಂದ ಎತ್ತಿ ಗೂಟಕ್ಕೆ ಸಿಕ್ಕಿಸಿದ. ಕೆಲಸ ಮುಗಿಯಿತು. ಇನ್ನು ಅವನನ್ನು ಸೋಲಿಸುವವರು ಲೋಕದಲ್ಲಿ ಯಾರೂ ಇರಲಿಲ್ಲ. ಹುಲ್ಲಪ್ಪ ತಿರುಗಿ ನಿಂತು, ಮುಂಜಾನೆಯಿಂದ ಮುಚ್ಚಿದ್ದ ಮುಷ್ಟಿಗಳನ್ನು ಒಂದೊಂದೇ ಬೆರಳಾಗಿ ಬಿಚ್ಚಿ ಅಂದಾನಪ್ಪನ ಮುಂದೆ ಹಿಡಿದ.

"ಈಗ ಇಡಪಾ ನಿನ್ನ ಮಣ್ಣು. ಎಷ್ಟ ಬೇಕೋ ಅಷ್ಟ ಇಡು."

ಅಂದಾನಪ್ಪ ಗೂಟದ ಕಡೆ ನೋಡಿದ, ಅವನ ಮುಖ ಸಪ್ಪಗಾಯಿತು. "ಲಂಗೋಟಿ ಬಿಟ್ರೇನ್ರಿ? ಎಂಥ ಕೆಲಸ ಆತು. ಇನ್ನ ನಿಮ್ಮ ಕೈ ನಮಗ ನಡಿಯಂಗಿಲ್ರಿ."

"ಹೆದರಿದಿ ಅನ್ನು."

"ಹೆದರೂದು ಯಾಕ್ರಿ? ನಾ ಕುಸ್ತಿ ಹಿಡಿಯಾವಲ್ಲ, ಗೌಂಡಿ ಇದೀನಿ. ಕೆರೂರಾಗ ಹೊಸಾ ಗರಡಿ ಮನಿ ಕಟ್ಟಾಕತ್ತೇನಿ. ಬಾಗಿಲ ಮ್ಯಾಲ ಒಬ್ಬ ದೊಡ್ಡ ಪೈಲ್ವಾನನ ಅಂಗೈ ಗುರುತು ಕೂಡಸಬೇಕು, ಒಳಗ ಬರೋ ಹುಡುಗರೆಲ್ಲ ಅದನ್ನ ಮುಟ್ಟಿ ನಮಸ್ಕಾರ ಮಾಡಿ ಕಣಕ್ಕ ಇಳೀಬೇಕು ಅಂದ್ರು ಹಿರ್ಯಾರು. ನಿಮ್ಮ ಹೆಸರೇ ಎಲ್ಲಾರೂ ಹೇಳಿದ್ರು. ಅದಕ್ಕ ನಮ್ಮ ಕಣದ ಮಣ್ಣು ತಂದಿದ್ದೆ. ಊರಾಗ ಯಾರನ್ನ ಕೇಳಿದ್ರೂ ಮಣ್ಣು ಅನ್ನೂದ್ರಾಗ ಓಡಿ ಹೋಗ್ತಾರ, ಮುಂದಿನ ಮಾತು ಕೇಳಾಕ ಯಾರೂ ನಿಲ್ಲವಲ್ರು."

ಹುಲ್ಲಪ್ಪನ ಕೈಗಳು ಚಾಚಿದ ಹಾಗೆಯೇ ಇದ್ದವು.

"ಹಂಗಾದ್ರ ತಗೋಳಪಾ ಗುರುತು," ಎಂದ ಮೆಲ್ಲಗೆ.

"ಲಂಗೋಟಿ ಕಟ್ಟಿರಾವನ ಕೈಯೇ ಆಗಬೇಕಂತ್ರಿ. ಕಣ ಬಿಟ್ಟ ಕೈಲೆ ಹೊಸಾ ಗರಡಿ ಸುರು ಮಾಡಬಾರದು ಅಂದಾರ."

ಹುಲ್ಲಪ್ಪ ಗೂಟದ ಕಡೆ ಕೈ ನೀಡಿದ. ಉಸ್ತಾದರು ತಲೆಯಾಡಿಸಿದರು. "ಹಾಕಿದ ಲಂಗೋಟಿ ತಿರುಗಿ ತಗಿಯೂದುಲ್ಲ ಹುಲ್ಲಪ್ಪ. ಇದು ನಿನಗ ಗೊತ್ತಿದ್ದದ್ದ." ಆಮೇಲೆ ಅಂದಾನಪ್ಪನ ಕಡೆ ತಿರುಗಿ, "ಇನ್ನೇನ ಮಾಡ್ತಿ ತಮ್ಮಾ?" ಎಂದು ಕೇಳಿದರು.

"ಅವರು ಸಿಗದಿದ್ರ ಲಂಗೋಟಿ ಬಿಡದ ಹಿರೀ ಪೈಲ್ವಾನರು ಯಾರಾದ್ರೂ ನಡೀತೈತಿ ಅಂದಾರ್ರಿ."

ಎಲ್ಲರ ಕಣ್ಣೂ ಮೂಲೆಗೆ ಹೊರಳಿದವು. ಬಾಬುಸಾಬ ಮೊದಲು ತನ್ನ ಹಿಂದೆ ಯಾರಿದ್ದಾರೆಂದು ನೋಡಿದ. ಯಾರೂ ಇಲ್ಲದ್ದು ಕಂಡು ನಾಚಿ ಅಂಗಿಯ ತೋಳು ಮೇಲೇರಿಸಿದ. ಹುಲ್ಲಪ್ಪನಿಗೆ ಹೊಟ್ಟೆ ಉರಿಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಎದುರು ಸಿಕ್ಕವರ ಕೈಯಲ್ಲೆಲ್ಲ ಬಿದ್ದವನ ಅಂಗೈಯನ್ನು ಕೆರೂರಿನ ಮಕ್ಕಳು ಮೊಮ್ಮಕ್ಕಳು ಮುಟ್ಟಿ ನಮಸ್ಕರಿಸುವವರಿದ್ದರು.

ಅಂದಾನಪ್ಪ ಹಲಗೆಯ ಮೇಲೆ ಮಣ್ಣಿಗೆ ಮಜ್ಜಿಗೆ ಎಣ್ಣೆ ಹಾಕಿ ನಾದಿ ಹದ ಮಾಡಿದ. ಬಾಬುಸಾಬ ಕೈ ಊರಿದ, ಆದರೆ ನಡುಬೆರಳು ನೆಟ್ಟಗಾಗದೆ ಮಣ್ಣಿನಿಂದ ಮೇಲೆದ್ದಿತು.

"ಇದು ಹಿಂಗ ಇರತೈತಿ ತಮ್ಮಾ. ಹುಲ್ಲ್ಯಾ ತಿರುವಿದ್ದು, ಹುನಗುಂದ ಕಣದಾಗ."

"ಒತ್ತಿ ಹಿಡಿಬೇಕ್ರಿ ಯಾರರೆ. ಭಾಳ ಜೋರು ಇದ್ದಾವ್ರು ಬೇಕು," ಎಂದ ಅಂದಾನಪ್ಪ.

ಉಸ್ತಾದರು ಹುಲ್ಲಪ್ಪನ ಕಡೆ ನೋಡಿದರು. "ನಿನ್ನ ಕೈ ಈಗ ಖಾಲಿ ಅದಾವಲ್ಲ. ಕುಂದ್ರು, ಒತ್ತು."

ಹುಲ್ಲಪ್ಪ ಕಿರುಗುಟ್ಟುವ ಮೊಣಕಾಲೂರಿ ಕೂತು, ಬಾಬುಸಾಬನ ಕೈಯ ಮೇಲೆ ತನ್ನ ಎರಡೂ ಅಂಗೈ ಇಟ್ಟು ಒತ್ತಿದ.

"ಸಾವಕಾಶ ಒತ್ತಲೇ," ಎಂದ ಬಾಬುಸಾಬ. "ಭಾಳ ದಿನ ಇರೂ ಕೈ ಅದು."

ಐದೂ ಬೆರಳು ಮಣ್ಣಿನಲ್ಲಿ ಚಂದವಾಗಿ ಮೂಡಿದವು. ಅಂದಾನಪ್ಪ ಹಲಗೆಯನ್ನು ಜೋಪಾನವಾಗಿ ಎತ್ತಿಕೊಂಡ. ಹುಲ್ಲಪ್ಪ ಎದ್ದು ನಿಂತಾಗ ಕೆರೂರಿನ ಕೆಮ್ಮಣ್ಣು ಅವನ ಎರಡೂ ಅಂಗೈಗೆ ಮೆತ್ತಿಕೊಂಡಿತ್ತು. ಅದನ್ನು ತೊಳೆದುಕೊಳ್ಳಲು ಅವನು ಬಾವಿಯ ಕಡೆ ನಡೆದ.