ಮಕ್ಕಳ ಮನ ಗೆಲ್ಲಲು ಹೋಗಿ

ಕುರ್ಲಾದ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳಿಗೆ ನಗೆಪಾಟಲಾಗುವುದು ಸಂಬಳದ ಜೊತೆಗೇ ಸಿಗುವ ಸವಲತ್ತು. ಈ ವರ್ಷ ಸಾಂತಾಕ್ರೂಜ್‌ನ ಹೋಟೆಲೊಂದರ ಏಸಿ ಹಾಲ್‌ನಲ್ಲಿ ನಮಗೆ 'ಮಕ್ಕಳ ಮನ ಗೆಲ್ಲುವ' ತರಬೇತಿ ಬೇರೆ ಆಯಿತು. ಮಹಾಶಯರೊಬ್ಬರು ದಿನವಿಡೀ ಪ್ರೀತಿಯ ಬಗ್ಗೆ ನಮ್ಮನ್ನು ಗದರಿದರು. ಆಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದು, "ತಪಾಸಣೆಗೆ ಇಲಾಖೆಯ ಸಾಹೇಬರು ಬಂದು ಮಕ್ಕಳನ್ನೇ ಕೇಳ್ತಾರೆ. ಅವರು ಒಳ್ಳೇದು ಹೇಳಿದ್ರೆ ಮಾತ್ರ ನಿಮ್ಮ ಕಾಂಟ್ರ್ಯಾಕ್ಟ್ ಮುಂದುವರಿಯೋದು" ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬೆನ್ನು ತಟ್ಟಿದ್ದು

ಮಗ್ಗಿ ತಪ್ಪಿಲ್ಲದೆ ಹೇಳಿದ ಹುಡುಗನ ಬೆನ್ನು ತಟ್ಟಿ, "ಮನೇಲೂ ಹೇಳು, ಟೀಚರ್ ಬೆನ್ನು ತಟ್ಟಿದ್ರು ಅಂತ" ಎಂದೆ. ಅವನಿಗೆ ಕನ್ನಡಕ್ಕಿಂತ ಹಿಂದಿಯೇ ಸಲೀಸು. "ಟೀಚರ್ ನೇ ಪೀಠ್ ಪೇ ಮಾರಾ" ಎಂದು ಒಪ್ಪಿಸಿದ್ದಾನೆ; ತಟ್ಟಿದ್ದು ಹೊಡೆದದ್ದಾಗಿಬಿಟ್ಟಿತು. ಮರುದಿನ ಹೋಟೆಲಿನ ಗಲ್ಲಾ ಬಿಟ್ಟು ಅವನಪ್ಪ ಓಡಿಬಂದರು. ನಾನು ಕ್ಷಮೆ ಕೇಳಲು ಬಾಯ್ತೆರೆಯುವಷ್ಟರಲ್ಲಿ ಕೈಮುಗಿದು, "ಭಾರೀ ಉಪಕಾರ ಆಯ್ತು ಟೀಚರ್. ಇನ್ನೆರಡು ಹಾಕ್ಬೇಕಿತ್ತು ಮಾರಾಯ್ರೆ!" ಎಂದರು.

ಹತ್ತಿರ ಬಂದದ್ದು

ತಪ್ಪು ಉತ್ತರವನ್ನೂ ಹೊಗಳಬೇಕಂತೆ.

"ಕರ್ನಾಟಕದ ರಾಜಧಾನಿ ಯಾವುದು?"

"ಚೆಂಬೂರು!" ಎಂದು ಪಕ್ಕದ ಬಡಾವಣೆಯ ಹೆಸರು ಹೇಳಿದನೊಬ್ಬ.

ನಾನು ಹಲ್ಲು ಕಚ್ಚಿ ನಕ್ಕೆ. "ತುಂಬಾ ಚೆನ್ನಾಗಿದೆ! ಹತ್ತಿರ ಬಂದಿದ್ದೀ. ಇನ್ನೊಂದು ಸಲ ಯೋಚಿಸು."

ಅವನು ಯೋಚಿಸಿದ. "ಹತ್ತಿರ ಅಂದ್ರೆ... ಕುರ್ಲಾನಾ ಟೀಚರ್?"

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅದನ್ನೂ ನಾನೇ ಕಲಿಸಿದ್ದೆ.

ಸಾಹೇಬರು ಬಂದದ್ದು

ಸಾಹೇಬರು ಮರಾಠಿಯವರು. ಮರಾಠಿ ಶಾಲೆಗಳಲ್ಲಿ ಟೀಚರಮ್ಮನನ್ನು 'ಬಾಯಿ' ಎನ್ನುತ್ತಾರೆ. ಮಕ್ಕಳ ಜೊತೆ ಆತ್ಮೀಯತೆ ಬೆಳೆಸಲೆಂದು ಅವರು ನಾಲ್ಕು ಕನ್ನಡ ಪದ ಉರುಹೊಡೆದು ಬಂದಿದ್ದರು. ಅಷ್ಟು ಮಕ್ಕಳಲ್ಲಿ ಅವರ ಕಣ್ಣು ಬಿದ್ದದ್ದು, ಈಚೆಗಷ್ಟೇ ವಿಜಯಪುರದಿಂದ ಬಂದು ಸೇರಿದ, ಆ ದಿನ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಕೂತಿದ್ದ ಹುಡುಗಿಯ ಮೇಲೆ.

"ಬೇಟಾ, ನಿಮ್ಮ ಬಾಯಿ ಹೇಗೆ ಇದೆ?"

"ಭಾಳ ತ್ರಾಸ ಕೊಡಾಕತ್ತೈತ್ರಿ," ಎಂದಳು ಹುಡುಗಿ.

ತ್ರಾಸ ಮರಾಠಿಯಲ್ಲೂ ತ್ರಾಸವೇ. ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮನೆಯಲ್ಲಿ ಹೇಳಿದೆ?"

"ಹೇಳೇನ್ರಿ. ಒಳಗ ಪೂರಾ ಹುಳುಕ ಹತ್ತೈತಿ, ಕಿತ್ತ ಒಗಸೂಣು ಅಂದಾನ್ರಿ ಅಪ್ಪ."

ಇಷ್ಟುದ್ದದ ಕನ್ನಡ ಸಾಹೇಬರಿಗೆ ದಕ್ಕಲಿಲ್ಲ. ಹೆಡ್‌ಮಾಸ್ತರರ ಕಡೆ ತಿರುಗಿದರು. ಅಷ್ಟು ಹೊತ್ತೂ ಮೊಬೈಲಿನಲ್ಲಿ ಮುಳುಗಿದ್ದ ಹೆಡ್‌ಮಾಸ್ತರರು ದಡಬಡಿಸಿ ಎದ್ದು, ಕಿವಿಗೆ ಬಿದ್ದಷ್ಟನ್ನು ಶುದ್ಧ ಮರಾಠಿಗೆ ಇಳಿಸಿಬಿಟ್ಟರು:

"ಬಾಯಿಯನ್ನು ಕಿತ್ತುಹಾಕಬೇಕು ಅಂತ ಪಾಲಕರ ಅಭಿಪ್ರಾಯ, ಸಾಹೇಬ್."