ಕಾಗೆ ಚೀಟಿಯ ಮಾರಕ್ಕ

ಬಹಳ ಹಿಂದೆ ಒಂದು ರಾಜ್ಯವಿತ್ತು. ಅಲ್ಲಿ ಹೆಂಗಸರಿಗೆ ಮಾತಾಡುವ ಸ್ವಾತಂತ್ರ್ಯವಿರಲಿಲ್ಲ ಎಂದು ಪಕ್ಕದ ರಾಜ್ಯದವರು ಹಬ್ಬಿಸಿದ್ದು ಶುದ್ಧ ಅಪಪ್ರಚಾರ. ಸ್ವಾತಂತ್ರ್ಯವಿತ್ತು; ಅದಕ್ಕೊಂದು ಅರ್ಜಿ ನಮೂನೆಯೂ ಇತ್ತು.

ರಾಜ್ಯದ ಹೆಸರು ಸುಶ್ರಾವ್ಯಪುರ. ದೊರೆ ಶ್ರೀಮನ್ಮಹಾರಾಜ ಕರ್ಣಕೋಮಲ ಭೂಪತಿಗಳ ಕಿವಿ ಬಹಳ ನಾಜೂಕು. ಯುದ್ಧದ ಕಹಳೆ, ಆನೆಯ ಘೀಳು, ಮಂತ್ರಿಗಳ ಗೊರಕೆ ಇವೆಲ್ಲ ಆ ಕಿವಿಗೆ ಹಿತವಾಗಿದ್ದವು. ಹೆಣ್ಣುಧ್ವನಿ ಮಾತ್ರ ಚುಚ್ಚುತ್ತಿತ್ತು. ಆದಕಾರಣ ಸ್ವರಮಾಪನ ಇಲಾಖೆ ಹುಟ್ಟಿತು. ಪ್ರತಿ ಹೆಂಗಸೂ ಇಲಾಖೆಯ ಪರದೆಯ ಮುಂದೆ ನಿಂತು "ಮಹಾರಾಜರು ಚಿರಾಯುವಾಗಲಿ" ಎನ್ನಬೇಕು. ಪರದೆಯ ಹಿಂದಿನಿಂದ ಒಂದು ಕೈ ಚೀಟಿ ಕೊಡುತ್ತಿತ್ತು. ಕೋಗಿಲೆ ಚೀಟಿಯವರು ಸಭೆಯಲ್ಲಿ ಸ್ವಾಗತಗೀತೆ ಹಾಡಬಹುದು. ಗಿಳಿ ಚೀಟಿಯವರು ಕೇಳಿದ್ದಕ್ಕಷ್ಟೇ ಉತ್ತರಿಸಬಹುದು. ಕಾಗೆ ಚೀಟಿಯವರು ಮನೆಯೊಳಗೆ, ಅದೂ ಒಗ್ಗರಣೆಯ ಸದ್ದಿನ ಮರೆಯಲ್ಲಿ, ಮಾತಾಡಬಹುದು. ಗಂಡಸರಿಗೆ ಚೀಟಿ ಬೇಕಿರಲಿಲ್ಲ. ಮಹಾರಾಣಿಯವರಿಗೆ ವಿಶೇಷ ದರ್ಜೆಯ ಕೋಗಿಲೆ ಚೀಟಿ ಸಿಕ್ಕಿತ್ತು; ಪರೀಕ್ಷೆಯ ದಿನ ಅವರಿಗೆ ಗಂಟಲು ಕಟ್ಟಿ ಒಂದಕ್ಷರವೂ ಹೊರಟಿರಲಿಲ್ಲ.

ನೀರುಗಂಟಿ ಮಾರಕ್ಕನದು ಕಾಗೆ ಚೀಟಿ. ನೀರುಗಂಟಿಯೆಂದರೆ ಊರ ಕೆರೆ ಕಾಯುವವಳು, ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುವವಳು. ಗಂಡ ಸತ್ತ ಮೇಲೆ ಅವನ ಕೋಲೂ ಕೆಲಸವೂ ಅವಳ ಪಾಲಿಗೆ ಬಂದಿದ್ದವು. ಕೆರೆ ಏರಿಯ ಮೇಲೆ ನಿಂತು "ಮೇಲಿನ ಗದ್ದೆಯೋರು ನೀರಿನ ಮಡೆ ಕಟ್ರಪ್ಪೋ" ಎಂದು ಇಪ್ಪತ್ತು ವರ್ಷ ಕೂಗಿದ ಗಂಟಲದು. ಅದು ಮಹಾರಾಜರಿಗೆ ಆಯುಸ್ಸು ಹಾರೈಸಿದಾಗ ಇಲಾಖೆಯ ಪರದೆಯೇ ಅಲ್ಲಾಡಿತ್ತಂತೆ. ಅಂದಿನಿಂದ ಅವಳು ಬಾಯಿ ಮುಚ್ಚಿ, ಕೋಲು ಬೀಸಿ ಕೆಲಸ ನಡೆಸುತ್ತಿದ್ದಳು.

ಏರಿಯ ಬುಡದಲ್ಲಿ ನೀರು ಜಿನುಗುವುದು ಹೊಸತಲ್ಲ. ತಿಳಿಯಾಗಿದ್ದರೆ ಕೆರೆ ಬೆವರುತ್ತಿದೆ ಎಂದು ಸುಮ್ಮನಿರಬಹುದು. ಆದರೆ ಒಂದು ಬೆಳಿಗ್ಗೆ ಮಾರಕ್ಕ ಬೊಗಸೆಯಲ್ಲಿ ಹಿಡಿದ ನೀರು ಕೆಂಪಗಿತ್ತು. ಎಂದರೆ, ಏರಿಯ ಒಡಲ ಮಣ್ಣೇ ಕರಗಿ ಬರುತ್ತಿದೆ. ಕೂಡಲೇ ತೂಬೆತ್ತಿ ಕೆರೆ ಇಳಿಸಬೇಕು. ತೂಬಿಗೆ ಬೀಗ, ಬೀಗದಕೈ ಅರಮನೆಯಲ್ಲಿ, ರೇಷ್ಮೆ ದಿಂಬಿನ ಮೇಲೆ. ಅದು ಹೋದ ವರ್ಷದ ಜಲಭದ್ರತಾ ಸುಧಾರಣೆ. ಏರಿಯ ಕೆಳಗೆ ಕೆಳಗೇರಿಯ ನಲವತ್ತು ಮನೆಗಳು. ಅದರಲ್ಲೊಂದು ಮಾರಕ್ಕನದೇ. ಒಳಗೆ ಆರು ದಿನದ ಬಾಣಂತಿ ಮಗಳು ಮಲಗಿದ್ದಳು.

ಅವಳು ನೇರವಾಗಿ ಮೈದುನನ ಮನೆಗೆ ಹೋದಳು. ಮೈದುನ ದೊಡ್ಡೀರ ಬಯಲಾಟದಲ್ಲಿ ರಾಕ್ಷಸನ ವೇಷ ಹಾಕುವವನು.

"ಅರಮನೆಗಾ? ನಾನ್ಯಾಕತ್ತಿಗೆ? ಕೆರೆ ವಿಷಯ ನನಗೇನ್ ಗೊತ್ತು? ಈಜೋಕೂ ಬರಲ್ಲ."

"ಗಂಡಸು ಅಂತ ಕರೀತಿದೀನಿ, ಬುದ್ಧಿವಂತ ಅಂತಲ್ಲ. ನಡಿ."

ಆಸ್ಥಾನದಲ್ಲಿ ಸ್ವರಮಾಪನ ಸಚಿವ ಮಂದ್ರಸೇನರು ದೊರೆಯ ಬಲಗಿವಿಯ ಪಕ್ಕ ಆಸೀನರಾಗಿದ್ದರು. ಮೈದುನ ಬಾಯಿ ಬಿಡುವ ಮೊದಲೇ ಮಾರಕ್ಕ ತನ್ನ ಚೀಟಿಯನ್ನೂ ಮರೆತು, ಏರಿಯ ಮೇಲಿನ ಗಂಟಲಲ್ಲೇ ಹೇಳಿದಳು: "ಬುದ್ಧೀ, ಏರಿ ಬುಡದಲ್ಲಿ ಕೆಂಪು ನೀರು ಬರ್ತಾ ಇದೆ. ಹೊತ್ತು ಮುಳುಗೋದರೊಳಗೆ ಒಡೀತದೆ. ತೂಬಿನ ಬೀಗದಕೈ ಕೊಡಿ."

ಸಚಿವರು ಕಿವಿ ಮುಚ್ಚಿಕೊಂಡರು. "ಕರ್ಕಶ. ಏನಮ್ಮಾ, ಅಹವಾಲಿಗೆ ಬಂದೆಯೋ ಜಗಳಕ್ಕೆ ಬಂದೆಯೋ?"

ಅವಳು ದನಿ ತಗ್ಗಿಸಿ ಅದನ್ನೇ ಹೇಳಿದಳು.

"ಆತ್ಮವಿಶ್ವಾಸದ ಕೊರತೆ. ಹೇಳುವವಳಿಗೇ ನಂಬಿಕೆಯಿಲ್ಲದ್ದನ್ನು ಪ್ರಭುಗಳು ಹೇಗೆ ನಂಬಬೇಕು?"

ಅವಳು ದನಿಯನ್ನು ಹೊಟ್ಟೆಯಾಳದಿಂದ ಎತ್ತಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಈ ಸಲ ದೊರೆಗಳೇ ಬೆಚ್ಚಿದರು. "ಗಂಡುಬೀರಿಯ ಹಾಗೆ ಕೇಳಿಸುತ್ತದಲ್ಲ, ಮಂದ್ರಸೇನ."

ಮಗಳೂ ಹಸುಗೂಸೂ ನೆನಪಾಗಿ ಮಾರಕ್ಕನ ಗಂಟಲು ನಡುಗಿತು. "ಭಾವೋದ್ವೇಗ," ಎಂದು ಸಚಿವರು ಬರೆದುಕೊಂಡರು. "ತಾಂತ್ರಿಕ ವಿಷಯಕ್ಕೆ ಕಣ್ಣೀರು ಬೆರೆತರೆ ಡೇಟಾ ಒದ್ದೆಯಾಗುತ್ತದೆ. ಎಲ್ಲಿ, ಸ್ವಲ್ಪ ನಗುಮುಖದಿಂದ ಹೇಳು ನೋಡೋಣ."

ಬೀಗದಕೈಗಾಗಿ ಅವಳು ಅದನ್ನೂ ಮಾಡಿದಳು.

"ನಗುತ್ತಿದ್ದಾಳೆ, ಪ್ರಭು. ಅಂದಮೇಲೆ ಅಂಥ ಅಪಾಯವೇನಿಲ್ಲ."

ಮಾರಕ್ಕ ಮೈದುನನ ಬೆನ್ನಿಗೆ ಕೋಲಿನ ತುದಿಯಿಂದ ತಿವಿದಳು. ದೊಡ್ಡೀರನಿಗೆ ಗೊತ್ತಿದ್ದದ್ದು ಒಂದೇ ದನಿ. ಅತ್ತಿಗೆಯ ಮಾತನ್ನೇ ಅಕ್ಷರ ಬಿಡದೆ, ರಾಕ್ಷಸ ರಂಗಕ್ಕೆ ಬರುವ ದನಿಯಲ್ಲಿ ಒಪ್ಪಿಸಿದ. ಸೂರಿನ ಪಾರಿವಾಳಗಳು ಹಾರಿದವು.

"ಆಹಾ," ಎಂದರು ದೊರೆಗಳು. "ಇನ್ನೊಮ್ಮೆ."

ಇನ್ನೊಮ್ಮೆ ಆಯಿತು, ಮತ್ತೊಮ್ಮೆಯೂ ಆಯಿತು.

"ಈ ಧ್ವನಿಯಲ್ಲಿ ದೂರದೃಷ್ಟಿ ಕೇಳಿಸುತ್ತಿದೆ, ಪ್ರಭು," ಎಂದು ಸಚಿವರು ಕಣ್ಣೊರೆಸಿಕೊಂಡರು. ಅವರ ಕಣ್ಣೀರಿಗೆ ಡೇಟಾ ಒದ್ದೆಯಾಗಲಿಲ್ಲ.

"ಮಹಾಶಯರೇ, ಈಗ ಕೆರೆಗೆ ಏನು ಮಾಡಬೇಕು, ಅಪ್ಪಣೆ ಕೊಡಿ," ಎಂದು ದೊಡ್ಡೀರನನ್ನು ಕೇಳಿದರು.

ದೊಡ್ಡೀರ ತಲೆ ಕೆರೆದುಕೊಂಡ. "ನನಗೇನ್ ಗೊತ್ತು ಬುದ್ಧೀ. ಅತ್ತಿಗೇನ ಕೇಳಿ."

"ಎಂಥ ವಿನಯ," ಎಂದಿತು ಇಡೀ ಆಸ್ಥಾನ.

ದೊಡ್ಡೀರ ನಿಂತ ನಿಲುವಿನಲ್ಲೇ ರಾಜ್ಯದ ಜಲ ಸಲಹೆಗಾರನಾದ. ಬೀಗದಕೈಯನ್ನು ಮರುದಿನ ವಾದ್ಯಸಮೇತ ಅವನಿಗೆ ಹಸ್ತಾಂತರಿಸುವುದೆಂದು ಠರಾವಾಯಿತು. ಮಾರಕ್ಕ ಕಿಟಕಿಯಾಚೆ ನೋಡಿದಳು. ಬಿಸಿಲು ಆಗಲೇ ಪಡುವಣಕ್ಕೆ ವಾಲಿತ್ತು. ದೊರೆಗೆ ಬೆನ್ನು ತೋರಿಸಬಾರದೆಂಬ ನಿಯಮವಿತ್ತು. ಅವಳು ತೋರಿಸಿ ಓಡಿದಳು.

ಏರಿ ಹತ್ತಿ ಸೆರಗು ಬಿಗಿದು ನಿಂತಳು. "ಕೆಳಗೇರಿಯೋರೇ, ಏರಿ ಹೋಗ್ತಾ ಇದೆ. ಮಕ್ಕಳನ್ನ ಎತ್ಕೊಳ್ಳಿ, ದನ ಬಿಚ್ಚಿ, ಗುಡ್ಡ ಹತ್ರಪ್ಪೋ." ಕೆಳಗೇರಿಯಲ್ಲಿ ಯಾರೂ ಅವಳ ಸ್ವರದ ಬಗ್ಗೆ ಅಭಿಪ್ರಾಯ ಹೇಳುತ್ತ ನಿಲ್ಲಲಿಲ್ಲ. ಬಾಣಂತಿಯನ್ನು ನಾಲ್ಕು ಜನ ಮಂಚಸಮೇತ ಹೊತ್ತರು. ಹೊತ್ತು ಮುಳುಗುವಾಗ ಏರಿ ಒಡೆಯಿತು. ನಲವತ್ತು ಮನೆಗಳು ಹೋದವು. ಒಂದು ಜೀವವೂ ಹೋಗಲಿಲ್ಲ.

ನೀರು ಅರಮನೆಯನ್ನೂ ಹೊಕ್ಕಿತು. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಮಂದ್ರಸೇನರು ಕಣ್ಣು ಮುಚ್ಚಿ ಅದರ ಸದ್ದನ್ನು ಆಲಿಸಿದರು. "ಏರುಸ್ವರ, ತಾಳವಿಲ್ಲ, ಹೇಳಿದರೆ ನಿಲ್ಲಿಸುವುದೂ ಇಲ್ಲ. ಹೆಣ್ಣೇ ಇರಬೇಕು, ಪ್ರಭು." ಹಾಗೆಂದು ನೀರಿಗೂ ಒಂದು ಕಾಗೆ ಚೀಟಿ ಬರೆದು ಕೊಟ್ಟರು. ನೀರು ಅದನ್ನು ತೆಗೆದುಕೊಂಡು ಹೋಯಿತು.

ಆಮೇಲೆ ವಿಚಾರಣೆ. ಕಾಗೆ ಚೀಟಿಯವಳ ಕೂಗಿಗೆ ನಲವತ್ತು ಮನೆ ಖಾಲಿಯಾದದ್ದು ಇಲಾಖೆಗೆ ನುಂಗಲಾರದ ತುತ್ತಾಗಿತ್ತು. ಹಾಗಾದರೆ ಜನ ಉಳಿದದ್ದು ಹೇಗೆ? ಆಸ್ಥಾನದಲ್ಲಿ ಮೊಳಗಿದ ದೊಡ್ಡೀರನ ಗಂಭೀರ ಧ್ವನಿ ಮಂದಗತಿಯಲ್ಲಿ ಸಾಗಿ, ಸಂಜೆಯ ಹೊತ್ತಿಗೆ ಕೆಳಗೇರಿಯನ್ನು ಮುಟ್ಟಿದ್ದರಿಂದ ಎಂದು ಮುನ್ನೂರು ಪುಟದ ವರದಿ ಬಂತು. ಅವನಿಗೆ 'ಜಲಗಂಭೀರ' ಬಿರುದು. ಹೊಸದಾಗಿ ಕಟ್ಟಿದ ಏರಿಯ ನಡುಮಧ್ಯೆ ಅವನದೊಂದು ಕಲ್ಲಿನ ವಿಗ್ರಹ: ತಲೆಯ ಮೇಲೆ ಕಿರೀಟ, ಬಾಯಿ ಅಗಲ ತೆರೆದಿದೆ, ತೂಬಿನ ಬೀಗದಕೈ ಕೊರಳಲ್ಲಿ ಶಾಶ್ವತವಾಗಿ ಅಂಟಿಸಿದೆ. ಕೆಳಗೇರಿಯವರು ತಮ್ಮ ಗೋಡೆ ಎಬ್ಬಿಸುವ ಮೊದಲು ಅದಕ್ಕೆ ಆರು ತಿಂಗಳು ಬಿಟ್ಟಿಯಾಗಿ ಕಲ್ಲು ಹೊತ್ತರು. ಅನುಮತಿಯಿಲ್ಲದೆ ಕೂಗಿದ್ದಕ್ಕೆ ಮಾರಕ್ಕನ ಕಾಗೆ ಚೀಟಿಯನ್ನೂ ಕಿತ್ತುಕೊಂಡರು.

ಮುಂದಿನ ಮಳೆಗಾಲ ಕೆರೆ ತುಂಬಿತು. ಒಂದು ಬೆಳಿಗ್ಗೆ ಜಲಗಂಭೀರ ದೊಡ್ಡೀರ ಏರಿಗೆ ಬಂದು, ತನ್ನನ್ನೇ ತಲೆಯೆತ್ತಿ ನೋಡಿದ.

"ಅತ್ತಿಗೆ, ನನ್ನ ಮೂತಿ ಹಿಂಗಾ ಇರೋದು?"

"ಮೂತಿ ಸರಿಯಾಗೇ ಇದೆ. ಭಾರ ಜಾಸ್ತಿಯಾಯ್ತು," ಎಂದಳು ಮಾರಕ್ಕ. ಅವಳು ವಿಗ್ರಹದ ನೇರ ಕೆಳಗೆ, ಏರಿಯ ಬುಡದಲ್ಲಿ ಕೂತಿದ್ದಳು. ಬೊಗಸೆಯ ನೀರು ಕೆಂಪಗಿತ್ತು.

"ಅರಮನೆಗೆ ಹೋಗಿ ಹೇಳ್ಲಾ?" ಎಂದ ದೊಡ್ಡೀರ.

"ಅವರು 'ಇನ್ನೊಮ್ಮೆ' ಅಂತಾರೆ ಕಣೋ. ನೀನು ಹೋಗಿ ದನ ಬಿಚ್ಚು."

ಮಾರಕ್ಕ ನೀರು ಚೆಲ್ಲಿ, ಕೈ ಒರೆಸಿಕೊಂಡು ಏರಿ ಹತ್ತಿದಳು. ಬಾಯಿ ತೆರೆದು ನಿಂತ ಕಲ್ಲಿನ ಪಕ್ಕದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡಳು.